ಪರಿಸರ ಅಧಿಕಾರಿಗಳಿಗೆ ತರಬೇತಿ ಕೊಡುವುದು ಹೇಗೆ: ಸಮ್ಮತಿ ಪತ್ರದ ಕಡತದಿಂದ ಕಾರ್ಖಾನೆಯ ಹಿಂಬದಿಯ ಚರಂಡಿಯವರೆಗೆ

ಪುಣೆ, ಮುಂಬೈ ಮತ್ತು ಗೋವಾದಲ್ಲಿ ಪರಿಸರ ಎಂಜಿನಿಯರುಗಳಾಗಿ, ಪ್ರಯೋಗಾಲಯದ ವಿಜ್ಞಾನಿಗಳಾಗಿ, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಾಗಿ ಕೆಲಸ ಮಾಡುತ್ತಿರುವ ಅನೇಕ ಕನ್ನಡಿಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೊಸದಾಗಿ ಸೇರಿದ ಕ್ಷೇತ್ರಾಧಿಕಾರಿಗಳಿಗೆ ತರಬೇತಿ ಕೊಡುವ ಹೊಣೆ ತಮ್ಮ ಪಾಲಿಗೆ ಬಂದಿದೆ, ಎಲ್ಲಿಂದ ಆರಂಭಿಸಬೇಕು, ಏನನ್ನು ಬಿಡಬೇಕು ಎಂಬುದು ಆ ಪ್ರಶ್ನೆ. ಈ ಲೇಖನ ಅವರಿಗಾಗಿ. ಇಂಥ ತರಬೇತಿಗೆ ಈಗಷ್ಟೇ ಹೊರಟಿರುವ ಯುವ ಅಧಿಕಾರಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

ಆರಂಭದಲ್ಲೇ ಒಂದು ಮಾತು ಹೇಳಬೇಕು. ಬಹುತೇಕ ತರಬೇತಿಗಳಲ್ಲಿ ಅನುಮತಿ (ಅಂದರೆ ಮಂಡಳಿಯು ಕಾರ್ಖಾನೆಗೆ ಷರತ್ತುಗಳೊಂದಿಗೆ ಕೊಡುವ ಸಮ್ಮತಿ ಪತ್ರ) ನೀಡುವುದನ್ನು ಒಂದು ವಾರ ಸಭಾಂಗಣದಲ್ಲಿ ಕಲಿಸುತ್ತಾರೆ, ತಪಾಸಣೆಯನ್ನು ಇನ್ನೊಂದು ವಾರ ಬೇರೆಯವರು ಕಲಿಸುತ್ತಾರೆ. ಇದರಿಂದ ಎರಡೂ ಕೆಡುತ್ತವೆ. ಸ್ಥಳದಲ್ಲಿ ಪರೀಕ್ಷಿಸಲಾಗದ ಷರತ್ತನ್ನು ಬರೆದ ಅಧಿಕಾರಿಯು ಕಾರ್ಖಾನೆಗೆ ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ಬರೆದುಕೊಟ್ಟಂತಾಗುತ್ತದೆ; ಷರತ್ತನ್ನು ಓದದೆ ತಪಾಸಣೆಗೆ ಹೋದವರು ಆವರಣವನ್ನು ಸುತ್ತಿ, ಚಹಾ ಕುಡಿದು, ನಮೂನೆ ತುಂಬಿಸಿ ಮರಳುತ್ತಾರೆ. ಷರತ್ತು ಬರೆಯುವ ಕೈಯೇ ಅದನ್ನು ಸ್ಥಳದಲ್ಲಿ ಪರೀಕ್ಷಿಸಬೇಕು ಎಂಬ ನಿಯಮದ ಮೇಲೆ ಇಡೀ ತರಬೇತಿಯನ್ನು ಕಟ್ಟಿ ಎಂಬುದೇ ನನ್ನ ಆಗ್ರಹ.

ಇದು ಕಾಗದದ ಶಿಸ್ತಿನ ವಿಷಯವಷ್ಟೇ ಅಲ್ಲ. ಪವನಾ, ಮುಳಾ, ಮುಠಾ, ಇಂದ್ರಾಯಣಿ ನದಿಗಳು ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ನೀರನ್ನೆಲ್ಲ ಹೊತ್ತು ಭೀಮೆಯನ್ನು ಸೇರುತ್ತವೆ; ಭೀಮೆ ಉಜನಿ ಜಲಾಶಯವನ್ನು ದಾಟಿ, ಸೋಲಾಪುರ ಜಿಲ್ಲೆಯನ್ನು ಹಾದು, ವಿಜಯಪುರ ಮತ್ತು ಕಲಬುರಗಿ ಜಿಲ್ಲೆಗಳ ಹೊಲಗಳಿಗೂ ಕುಡಿಯುವ ನೀರಿನ ಯೋಜನೆಗಳಿಗೂ ಬರುತ್ತದೆ. ಭೋಸರಿ ಕೈಗಾರಿಕಾ ಪ್ರದೇಶದ ಒಂದು ಚರಂಡಿಯನ್ನು ಸರಿಯಾಗಿ ನೋಡಲು ಕಲಿತ ಅಧಿಕಾರಿ ಮೇಲ್ಭಾಗದಲ್ಲಿ ನಿಂತು ಕೆಳಭಾಗದ ಊರುಗಳನ್ನು ಕಾಯುತ್ತಿರುತ್ತಾನೆ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದುದು

ಒಂದು ತಂಡದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳಬೇಡಿ. ತ್ಯಾಜ್ಯನೀರಿನ ಸಂಸ್ಕರಣಾ ಘಟಕದ (ಇಟಿಪಿ) ಕಟ್ಟೆಯ ಮೇಲೆ ಇಪ್ಪತ್ತು ಜನ ನಿಂತರೆ ಹಿಂದಿನ ಸಾಲಿನವರಿಗೆ ಏನೂ ಕಾಣುವುದಿಲ್ಲ. ಮೂರು ಬಗೆಯ ಸ್ಥಳಗಳಿಗೆ ಮುಂಚಿತವಾಗಿ ಒಪ್ಪಿಗೆ ಪಡೆಯಿರಿ: ಒಂದು ಲೋಹಲೇಪನ ಘಟಕ (ಭೋಸರಿ, ಪಿಂಪ್ರಿ ಭಾಗದಲ್ಲಿ ಇವು ಸಾಕಷ್ಟಿವೆ), ಒಂದು ರಾಸಾಯನಿಕ ಅಥವಾ ಔಷಧ ಕಾರ್ಖಾನೆ (ಕುರಕುಂಭ, ತಳೋಜಾ, ತಾರಾಪುರ, ಗೋವಾದವರಿಗೆ ವೆರ್ಣಾ), ಮತ್ತು ಒಂದು ಸಿಇಟಿಪಿ, ಅಂದರೆ ಹಲವು ಕಾರ್ಖಾನೆಗಳ ತ್ಯಾಜ್ಯನೀರನ್ನು ಒಟ್ಟಿಗೆ ಶುದ್ಧೀಕರಿಸುವ ಸಾಮಾನ್ಯ ಘಟಕ. ಇವು ತರಬೇತಿಗಾಗಿ ತೆರೆದುಕೊಂಡ ಸ್ಥಳಗಳು. ಅಲ್ಲಿ ಕಂಡುಬಂದ ದೋಷಕ್ಕೆ ಅದೇ ದಿನ ನೋಟಿಸ್ ಕೊಟ್ಟರೆ ಮುಂದಿನ ವರ್ಷ ಯಾರೂ ಬಾಗಿಲು ತೆರೆಯುವುದಿಲ್ಲ. ಆದರೆ ಕಣ್ಣೆದುರೇ ಗಂಭೀರ ಸೋರಿಕೆ ನಡೆಯುತ್ತಿದ್ದರೆ ಸುಮ್ಮನಿರಲಾಗದು ಎಂಬುದನ್ನೂ ಆತಿಥೇಯ ಕಾರ್ಖಾನೆಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿರಿ.

ಪ್ರತಿ ಜೋಡಿಗೆ ಒಂದು ಸಾಮಾನಿನ ಚೀಲ ಇರಲಿ: ಪಿಎಚ್ ಮೀಟರ್ (ಪಿಎಚ್ ಎಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಮತ್ತು ಅದನ್ನು ಸರಿಹೊಂದಿಸುವ ಬಫರ್ ದ್ರಾವಣಗಳು, ಪಿಎಚ್ ಕಾಗದ, ಉಷ್ಣಮಾಪಕ, ಒಂದು ಲೀಟರಿನ ಅಳತೆ ಸಿಲಿಂಡರ್, ಪ್ಲಾಸ್ಟಿಕ್ ಮತ್ತು ಗಾಜಿನ ಬಾಟಲಿಗಳು, ಐಸ್ ಪೆಟ್ಟಿಗೆ, ಅರಗು ಮತ್ತು ಮೊಹರು, ಅಳತೆ ಟೇಪು, ಟಾರ್ಚ್, ಹಗ್ಗ, ಕೈಗವಸು, ಹೆಲ್ಮೆಟ್, ಸುರಕ್ಷತಾ ಬೂಟು. ವಿಷಾನಿಲ ಪತ್ತೆಹಚ್ಚುವ ಸಣ್ಣ ಉಪಕರಣ ಒಂದಾದರೂ ಇಲ್ಲದಿದ್ದರೆ ಕ್ಷೇತ್ರಭೇಟಿಯನ್ನು ಮುಂದೂಡಿ.

ಹಂತ 1: ಕಾನೂನು, ಒಂದೇ ದಿನ

ಕಾಯ್ದೆಗಳನ್ನು ಮೊದಲ ಕಲಮಿನಿಂದ ಕೊನೆಯ ಕಲಮಿನವರೆಗೆ ಓದಿಸುವ ಅಭ್ಯಾಸವನ್ನು ಬಿಡಿ. ಅಧಿಕಾರಿಗೆ ತಿಳಿದಿರಬೇಕಾದದ್ದು ನಾಲ್ಕು ಪ್ರಶ್ನೆಗಳಿಗೆ ಉತ್ತರ: ನಾನು ಒಳಗೆ ಹೋಗಬಹುದೇ, ಮಾಹಿತಿ ಕೇಳಬಹುದೇ, ಮಾದರಿ ತೆಗೆಯಬಹುದೇ, ಏನನ್ನು ನಿಲ್ಲಿಸಲು ಹೇಳಬಹುದು? 1974ರ ಜಲ ಕಾಯ್ದೆಯಲ್ಲಿ ಮಾಹಿತಿ ಕೇಳುವ ಅಧಿಕಾರ ಕಲಂ 20ರಲ್ಲಿ, ಮಾದರಿ ತೆಗೆಯುವುದು ಕಲಂ 21ರಲ್ಲಿ, ಪ್ರವೇಶ ಮತ್ತು ತಪಾಸಣೆ ಕಲಂ 23ರಲ್ಲಿ, ಸಮ್ಮತಿ ಕಲಂ 25ರಲ್ಲಿ, ನಿರ್ದೇಶನ ನೀಡುವುದು ಕಲಂ 33ಎಯಲ್ಲಿ ಇವೆ. 1981ರ ವಾಯು ಕಾಯ್ದೆಯಲ್ಲಿ ಸಮ್ಮತಿ ಕಲಂ 21, ಪ್ರವೇಶ ಕಲಂ 24, ಮಾದರಿ ಕಲಂ 26, ನಿರ್ದೇಶನ ಕಲಂ 31ಎ. ಇವುಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಚೀಲದಲ್ಲಿ ಇರಿಸಿ. ಗೇಟಿನಲ್ಲಿ ಕಾವಲುಗಾರ ತಡೆದಾಗ ನೆನಪಿಗಿಂತ ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಸಮ್ಮತಿಯಲ್ಲಿ ಎರಡು ಮೆಟ್ಟಿಲುಗಳಿವೆ. ಕಟ್ಟಡ ಮತ್ತು ಯಂತ್ರ ಸ್ಥಾಪಿಸುವ ಮುನ್ನ ಪಡೆಯುವುದು ಸ್ಥಾಪನಾ ಸಮ್ಮತಿ, ಉತ್ಪಾದನೆ ಆರಂಭಿಸುವ ಮುನ್ನ ಪಡೆಯುವುದು ಕಾರ್ಯಾಚರಣೆ ಸಮ್ಮತಿ. 2006ರ ಅಧಿಸೂಚನೆಯ ವ್ಯಾಪ್ತಿಗೆ ಬರುವ ಯೋಜನೆಗಳಿಗೆ ಪರಿಸರ ಅನುಮೋದನೆ ಪ್ರತ್ಯೇಕವಾಗಿ ಬೇಕು. ಅದಿದ್ದ ಮಾತ್ರಕ್ಕೆ ಕಾರ್ಯಾಚರಣೆ ಸಮ್ಮತಿ ಸಿಕ್ಕಂತಲ್ಲ. ಅಪಾಯಕಾರಿ ತ್ಯಾಜ್ಯವಿದ್ದರೆ 2016ರ ನಿಯಮಗಳಡಿ ಅಧಿಕಾರಪತ್ರವೂ ಬೇಕು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಜಲ ಕಾಯ್ದೆಯ ಕಲಂ 25(7)ರ ಪ್ರಕಾರ ಅರ್ಜಿ ಸಲ್ಲಿಸಿ ನಾಲ್ಕು ತಿಂಗಳೊಳಗೆ ಮಂಡಳಿಯು ಕೊಡುವುದನ್ನೂ ನಿರಾಕರಿಸುವುದನ್ನೂ ಮಾಡದಿದ್ದರೆ ಸಮ್ಮತಿಯನ್ನು ಯಾವ ಷರತ್ತೂ ಇಲ್ಲದೆ ಕೊಟ್ಟಂತೆ ಭಾವಿಸಲಾಗುತ್ತದೆ. ಮೇಜಿನ ಮೇಲೆ ಮಲಗಿದ ಕಡತವೊಂದು ಕಾರ್ಖಾನೆಗೆ ಷರತ್ತಿಲ್ಲದ ಪರವಾನಗಿಯಾಗಬಲ್ಲದು ಎಂಬುದನ್ನು ತರಬೇತಿ ಪಡೆಯುವವರು ಮೊದಲ ದಿನವೇ ಮನಗಾಣಬೇಕು. ಎರಡನೆಯದಾಗಿ, 2023ರ ಜನ ವಿಶ್ವಾಸ ಕಾಯ್ದೆ ಮತ್ತು ಜಲ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಮೂಲಕ ಹಲವು ಅಪರಾಧಗಳ ಸೆರೆವಾಸದ ಶಿಕ್ಷೆ ಹೋಗಿ ದಂಡ ಬಂದಿದೆ. ಜಲ ಕಾಯ್ದೆಯ ತಿದ್ದುಪಡಿ ರಾಜ್ಯಗಳಿಗೆ ಅನ್ವಯಿಸುವುದು ಆಯಾ ವಿಧಾನಮಂಡಲದ ಅಂಗೀಕಾರದ ಮೂಲಕ. ಹಾಗಾಗಿ ಹಳೆಯ ಕೈಪಿಡಿಯಿಂದ ಶಿಕ್ಷೆಯ ಕಲಮನ್ನು ನಕಲು ಮಾಡಿ ನೋಟಿಸಿನಲ್ಲಿ ಬರೆಯುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ.

ಹಂತ 2: ಕಾರ್ಖಾನೆಯ ಲೆಕ್ಕವನ್ನು ಓದುವುದು

ತರಬೇತಿಯ ಕಾಲು ಭಾಗದಷ್ಟು ಸಮಯವನ್ನಾದರೂ ಇದಕ್ಕೆ ಕೊಡಿ, ಏಕೆಂದರೆ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಕಾರ್ಖಾನೆಯ ಒಳಗೆ ಹೋದದ್ದು ಯಾವುದೋ ರೂಪದಲ್ಲಿ ಹೊರಗೆ ಬರಲೇಬೇಕು: ಉತ್ಪನ್ನವಾಗಿ, ಆವಿಯಾಗಿ, ತ್ಯಾಜ್ಯನೀರಾಗಿ, ಕೆಸರಾಗಿ ಅಥವಾ ಹೊಗೆಯಾಗಿ. ಈ ಲೆಕ್ಕ ಹಾಕಲು ಬಂದರೆ ಅಧಿಕಾರಿಗೆ ಗೇಟು ದಾಟುವ ಮೊದಲೇ ಅರ್ಧ ವಿಷಯ ತಿಳಿದಿರುತ್ತದೆ.

ನೀರಿನ ಲೆಕ್ಕದಿಂದ ಆರಂಭಿಸಿ. ಒಂದು ಕಲ್ಪಿತ ಘಟಕಕ್ಕೆ ಎಂಐಡಿಸಿಯ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ನೀರಿನ ಬಿಲ್ಲಿನ ಪ್ರಕಾರ ದಿನಕ್ಕೆ 40 ಘನ ಮೀಟರ್ ನೀರು ಬರುತ್ತದೆ ಎಂದಿಟ್ಟುಕೊಳ್ಳಿ. ಶೌಚಾಲಯ ಮತ್ತು ಕ್ಯಾಂಟೀನಿಗೆ 6, ಬಾಯ್ಲರ್ ಮತ್ತು ಕೂಲಿಂಗ್ ಟವರಿನಲ್ಲಿ ಆವಿಯಾಗುವುದು 8. ಉತ್ಪನ್ನದಲ್ಲಿ ನೀರು ಸೇರುವುದಿಲ್ಲ. ಉಳಿದ 26 ಘನ ಮೀಟರ್ ತ್ಯಾಜ್ಯನೀರಾಗಿ ಸಂಸ್ಕರಣಾ ಘಟಕಕ್ಕೆ ಬರಬೇಕು. ಘಟಕದ ದಿನಚರಿಯ ಪುಸ್ತಕ 10 ಎನ್ನುತ್ತದೆ. ಹಾಗಾದರೆ 16 ಘನ ಮೀಟರ್ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರವೂ ಇರಬಹುದು: ಮೀಟರ್ ಕೆಟ್ಟಿರಬಹುದು, ತೊಳೆದ ನೀರನ್ನು ಮರುಬಳಕೆ ಮಾಡುತ್ತಿರಬಹುದು, ಕೊಳವೆ ಒಡೆದು ನೀರು ಒಳಗೇ ಪೋಲಾಗುತ್ತಿರಬಹುದು. ಕೊಳವೆಬಾವಿಯಿಂದ ಇನ್ನಷ್ಟು ನೀರು ಬರುತ್ತಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ತರಬೇತಿ ಪಡೆಯುವವರು ಆರೋಪ ಹೊರಿಸುವುದಕ್ಕೆ ಮುನ್ನ ಈ ಎಲ್ಲ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಲು ಕಲಿಯಬೇಕು.

ರಾಸಾಯನಿಕದ ಲೆಕ್ಕ ಇನ್ನೂ ತೀಕ್ಷ್ಣವಾದದ್ದು. ಕ್ರೋಮಿಯಂ ಲೇಪನದ ಘಟಕದಲ್ಲಿ ತೊಳೆದ ನೀರು ಹಳದಿಯಾಗಿ ಬರುತ್ತದೆ. ಅದರಲ್ಲಿರುವುದು ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ. ಪಿಎಚ್ ಅನ್ನು 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ಅದು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ಇಳಿಯುತ್ತದೆ, ನೀರು ಹಸಿರಿಗೆ ತಿರುಗುತ್ತದೆ. ಆಮೇಲೆ ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ ಅನ್ನು 8ರಿಂದ 9ಕ್ಕೆ ಏರಿಸಿದಾಗ ಲೋಹ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಬೀಕರಿನಲ್ಲಿ ಪ್ರತಿಯೊಬ್ಬರಿಂದಲೂ ಇದನ್ನು ಮಾಡಿಸಿ. ಹಳದಿ ಹಸಿರಾಗುವುದನ್ನು ಒಮ್ಮೆ ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ. ಈಗ ಲೆಕ್ಕಕ್ಕೆ ಬನ್ನಿ. ಒಂದು ಕೆಜಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಸುಮಾರು 3 ಕೆಜಿ ಮೆಟಾಬೈಸಲ್ಫೈಟ್ ಬೇಕು. ಲೀಟರಿಗೆ 50 ಮಿಲಿಗ್ರಾಂ ಕ್ರೋಮಿಯಂ ಇರುವ 20 ಘನ ಮೀಟರ್ ನೀರು ಎಂದರೆ ದಿನಕ್ಕೆ 1 ಕೆಜಿ ಕ್ರೋಮಿಯಂ. ತಿಂಗಳಿಗೆ 26 ಕೆಲಸದ ದಿನವೆಂದರೂ 75ರಿಂದ 80 ಕೆಜಿ ಮೆಟಾಬೈಸಲ್ಫೈಟ್ ಖರ್ಚಾಗಲೇಬೇಕು. ಖರೀದಿಯ ಬಿಲ್ಲುಗಳಲ್ಲಿ ತಿಂಗಳಿಗೆ 25 ಕೆಜಿಯ ಒಂದೇ ಚೀಲ ಕಂಡರೆ, ಹೊರಹರಿವಿನ ಪ್ರಯೋಗಾಲಯ ವರದಿ ಎಷ್ಟೇ ಸುಂದರವಾಗಿದ್ದರೂ ಸಂಸ್ಕರಣೆ ಪ್ರತಿದಿನ ನಡೆಯುತ್ತಿಲ್ಲ ಎಂದೇ ಅರ್ಥ.

ಜೈವಿಕ ಸಂಸ್ಕರಣೆಯನ್ನು ಓದುವುದು ಬೇರೆ ಕೌಶಲ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ತೆಗೆದು ಸಿಲಿಂಡರಿನಲ್ಲಿ 30 ನಿಮಿಷ ಅಲುಗಾಡಿಸದೆ ಇಡಿಸಿ. ಜೀವಂತ ತೊಟ್ಟಿಯಾದರೆ ಕಂದು ಕೆಸರು ಒಟ್ಟಾಗಿ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ, ಮೂಗಿಗೆ ಮೊದಲ ಮಳೆ ಬಿದ್ದ ಮಣ್ಣಿನಂಥ ವಾಸನೆ ಬರುತ್ತದೆ. ಕೆಸರು ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಬಹುಕಾಲದಿಂದ ಆಮ್ಲಜನಕವಿಲ್ಲ. ಗಾಳಿ ಊದುವ ಯಂತ್ರವಾದ ಬ್ಲೋವರ್ ನಿಮ್ಮ ಗಾಡಿ ಗೇಟಿಗೆ ಬಂದಾಗ ಮಾತ್ರ ಚಾಲೂ ಆಗಿರುವ ಸಾಧ್ಯತೆ ದೊಡ್ಡದು. ಬ್ಲೋವರಿನ ಪ್ರತ್ಯೇಕ ವಿದ್ಯುತ್ ಮೀಟರನ್ನು ನೋಡಲು ಹೇಳಿಕೊಡಿ.

ಕಾಗದದ ಮೇಲಿನ ಅಸಂಭವಗಳನ್ನು ಗುರುತಿಸುವ ಅಭ್ಯಾಸವನ್ನೂ ಇಲ್ಲೇ ಮಾಡಿಸಿ. ಬಿಒಡಿ ಎಂದರೆ ನೀರಿನಲ್ಲಿರುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳು ಅರಗಿಸಿಕೊಳ್ಳಲು ಬೇಕಾಗುವ ಆಮ್ಲಜನಕ. ಸಿಒಡಿ ಎಂದರೆ ಅದನ್ನು ಪ್ರಬಲ ರಾಸಾಯನಿಕದಿಂದ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ. ಮೊದಲನೆಯದು ಎರಡನೆಯದನ್ನು ಮೀರಲಾರದು. ಬಿಒಡಿ 120, ಸಿಒಡಿ 90 ಎಂದು ಬರೆದ ವರದಿಯನ್ನು ಹತ್ತು ಸರಿಯಾದ ವರದಿಗಳ ನಡುವೆ ಸೇರಿಸಿ ಕೊಟ್ಟು ಯಾರು ಹಿಡಿಯುತ್ತಾರೆ ನೋಡಿ.

ಹಂತ 3: ಅರ್ಜಿ ಪರಿಶೀಲನೆ ಮತ್ತು ಷರತ್ತು ಬರೆಯುವುದು

ಮೊದಲು ವರ್ಗವನ್ನು ಗುರುತಿಸಬೇಕು. ಕೇಂದ್ರ ಮಂಡಳಿಯು 2016ರಲ್ಲಿ ಮಾಲಿನ್ಯ ಸೂಚ್ಯಂಕದ ಆಧಾರದ ಮೇಲೆ ಉದ್ಯಮಗಳನ್ನು ಹೆಚ್ಚು ಮಾಲಿನ್ಯದಿಂದ ಕಡಿಮೆಯ ಕಡೆಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿತು. 2025ರ ಪರಿಷ್ಕರಣೆಯಲ್ಲಿ ನೀಲಿ ವರ್ಗ ಸೇರಿತು. ಅರ್ಜಿದಾರರು ಉತ್ಪನ್ನದ ಹೆಸರನ್ನು ಸ್ವಲ್ಪ ಬದಲಿಸಿ ಕೆಳಗಿನ ವರ್ಗಕ್ಕೆ ಜಾರಿಕೊಳ್ಳಲು ಯತ್ನಿಸುವುದುಂಟು. ಆದ್ದರಿಂದ ಉತ್ಪನ್ನದ ಹೆಸರಿಗಿಂತ ಪ್ರಕ್ರಿಯೆಯ ನಕ್ಷೆಯನ್ನು ನೋಡಿ ವರ್ಗ ನಿರ್ಧರಿಸಲು ಕಲಿಸಿ.

ಬಳಿಕ ಷರತ್ತು. "ಉದ್ಯಮವು ಮಾಲಿನ್ಯವಾಗದಂತೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು" ಎಂಬಂಥ ವಾಕ್ಯವನ್ನು ಫಲಕದ ಮೇಲೆ ಬರೆದು, ಇದು ಉಲ್ಲಂಘನೆಯಾಗಿದೆಯೆಂದು ನ್ಯಾಯಮಂಡಳಿಯ ಮುಂದೆ ಹೇಗೆ ಸಾಬೀತು ಮಾಡುತ್ತೀರಿ ಎಂದು ಕೇಳಿ. ಯಾರಿಗೂ ಸಾಧ್ಯವಾಗುವುದಿಲ್ಲ. ಅದರ ಪಕ್ಕದಲ್ಲಿ ಹೀಗೆ ಬರೆಯಿರಿ: "ತ್ಯಾಜ್ಯನೀರಿನ ಪ್ರಮಾಣ ದಿನಕ್ಕೆ 20 ಘನ ಮೀಟರ್ ಮೀರಕೂಡದು, ಒಳಹರಿವು ಮತ್ತು ಹೊರಹರಿವಿನಲ್ಲಿ ಒಟ್ಟು ಮೊತ್ತ ತೋರಿಸುವ ಮೀಟರ್ ಇರಬೇಕು, ಪ್ರತಿದಿನ ಬೆಳಿಗ್ಗೆ 8 ಗಂಟೆಗೆ ಅದರ ಅಂಕಿಯನ್ನು ಪುಟಸಂಖ್ಯೆಯುಳ್ಳ ಪುಸ್ತಕದಲ್ಲಿ ದಾಖಲಿಸಬೇಕು, ಸಂಸ್ಕರಣಾ ಘಟಕವನ್ನು ತಪ್ಪಿಸಿ ಹೋಗುವ ಯಾವುದೇ ಕೊಳವೆ ಇರಕೂಡದು." ಪ್ರತಿಯೊಂದು ತುಂಡಿಗೂ ಸ್ಥಳದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರವಿದೆ.

ಮಿತಿಗಳನ್ನು ಬರೆಯುವಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಒಳನಾಡಿನ ಮೇಲ್ಮೈ ನೀರಿಗೆ ಬಿಡುವಾಗ ಸಾಮಾನ್ಯ ಮಾನದಂಡದಲ್ಲಿ ಪಿಎಚ್ 5.5ರಿಂದ 9, ಲೀಟರಿಗೆ ಬಿಒಡಿ 30, ಸಿಒಡಿ 250, ತೇಲುವ ಘನವಸ್ತು 100, ಎಣ್ಣೆ ಮತ್ತು ಜಿಡ್ಡು 10, ಹೆಕ್ಸಾವೇಲೆಂಟ್ ಕ್ರೋಮಿಯಂ 0.1 ಮಿಲಿಗ್ರಾಂ. ಸಿಇಟಿಪಿಗೆ ಕಳಿಸುವ ಘಟಕಕ್ಕೆ ಆ ಸಿಇಟಿಪಿಯ ಒಳಹರಿವಿನ ಮಿತಿಗಳು ಅನ್ವಯಿಸುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವಂಥ ಲೋಹಗಳನ್ನು ಕಾರ್ಖಾನೆಯೊಳಗೇ ತಡೆಯಬೇಕು. ಗಾಳಿಯ ಭಾಗದಲ್ಲಿ ಚಿಮಣಿಯ ಎತ್ತರವನ್ನು ಸೂತ್ರದಿಂದ ಪರಿಶೀಲಿಸಿ: ಡೀಸೆಲ್ ಜನರೇಟರಿನ ಹೊಗೆಕೊಳವೆ ಕಟ್ಟಡದ ಎತ್ತರಕ್ಕಿಂತ, ಅದರ ಕೆವಿಎ ಸಾಮರ್ಥ್ಯದ ವರ್ಗಮೂಲದ 0.2 ಪಟ್ಟು ಮೀಟರ್ ಹೆಚ್ಚಿರಬೇಕು. 400 ಕೆವಿಎ ಯಂತ್ರಕ್ಕೆ ಛಾವಣಿಯಿಂದ ಮೇಲೆ 4 ಮೀಟರ್. ಇದನ್ನು ಅಳತೆ ಟೇಪಿನಿಂದಲೇ ನೋಡಬಹುದು.

ಈ ಹಂತದ ಕೊನೆಗೆ ಪ್ರತಿ ಜೋಡಿಯೂ ಆತಿಥೇಯ ಕಾರ್ಖಾನೆಗಳಲ್ಲಿ ಒಂದಕ್ಕೆ ಹತ್ತು ಷರತ್ತುಗಳನ್ನು ಬರೆಯಲಿ. ಆ ಹಾಳೆಯನ್ನು ಜೋಪಾನವಾಗಿಡಿ, ಮುಂದೆ ಬೇಕಾಗುತ್ತದೆ.

ಹಂತ 4: ಹೋಗುವ ಮುನ್ನ

ಹಿಂದಿನ ಮೂರು ತಪಾಸಣಾ ವರದಿಗಳು, ಸಮ್ಮತಿ ಪತ್ರ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವರದಿ, ಹಳೆಯ ನೋಟಿಸುಗಳು, ಸುತ್ತಲಿನವರ ದೂರುಗಳು ಇವನ್ನು ಓದಿ ಒಂದು ಪುಟದ ಪ್ರಶ್ನೆಪಟ್ಟಿ ತಯಾರಾಗಬೇಕು. ಆನ್‌ಲೈನ್ ನಿಗಾ ವ್ಯವಸ್ಥೆ ಇದ್ದರೆ ಅದರ ದತ್ತಾಂಶವನ್ನೂ ನೋಡಬೇಕು. ಕೇಂದ್ರ ಮಂಡಳಿಯು 2014ರ ಫೆಬ್ರುವರಿಯಲ್ಲಿ 17 ವರ್ಗಗಳ ಅತಿಮಾಲಿನ್ಯಕಾರಿ ಉದ್ಯಮಗಳಿಗೆ ಕಡ್ಡಾಯಗೊಳಿಸಿದ ಈ ವ್ಯವಸ್ಥೆ ದಿನವಿಡೀ ಅಂಕಿಗಳನ್ನು ಕಳಿಸುತ್ತದೆ. ಆದರೆ ಮೂರು ಪಾಳಿಯಲ್ಲಿ ನಡೆಯುವ ಕಾರ್ಖಾನೆಯ ರೇಖೆ ವಾರಗಟ್ಟಲೆ ಅಲುಗಾಡದೆ ಇದ್ದರೆ ಸಂವೇದಕ ನಿಜವಾಗಿ ಹರಿಯುವ ನೀರಿನಲ್ಲಿ ಇದೆಯೇ ಎಂದು ಕಣ್ಣಾರೆ ನೋಡಲೇಬೇಕು.

ಮಂಡಳಿಯ ವಾಹನದಲ್ಲೇ ಹೋಗಿ, ಕುಡಿಯುವ ನೀರು ಒಯ್ಯಿರಿ, ಇಬ್ಬರಿಗಿಂತ ಕಡಿಮೆ ಜನ ಹೋಗಬೇಡಿ. ಕಾರ್ಖಾನೆಯ ಕಾರು, ಅದರ ಊಟ, ಹಬ್ಬದ ಪೊಟ್ಟಣ ಯಾವುದೂ ಸಣ್ಣ ವಿಷಯವಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಯುವ ಅಧಿಕಾರಿಗೆ ಇದನ್ನು ಯಾರೂ ಸ್ಪಷ್ಟವಾಗಿ ಹೇಳದೆ ಹೋದರೆ, ನಿರಾಕರಿಸುವ ಮಾತುಗಳು ಸಮಯಕ್ಕೆ ಬಾಯಿಗೆ ಬರುವುದಿಲ್ಲ.

ಹಂತ 5: ಸ್ಥಳದಲ್ಲಿ ನಡೆಯುವ ಕ್ರಮ

ಗೇಟಿನಲ್ಲಿ ಗುರುತುಪತ್ರ ತೋರಿಸಿ, ಸಮಯವನ್ನು ಬರೆದುಕೊಂಡು, ನೇರವಾಗಿ ಹೊರಹರಿವಿನ ಬಾಯಿಗೆ ಹೋಗಿ. ಸಭಾಕೊಠಡಿಯ ಪ್ರಸ್ತುತಿಯನ್ನು ಕೊನೆಗೆ ಇಟ್ಟುಕೊಳ್ಳಿ. ಹೊರಹರಿವಿನಿಂದ ಹಿಮ್ಮುಖವಾಗಿ ಸಂಸ್ಕರಣಾ ಘಟಕ, ಅಲ್ಲಿಂದ ಸಂಗ್ರಹ ತೊಟ್ಟಿ, ಅಲ್ಲಿಂದ ಉತ್ಪಾದನಾ ವಿಭಾಗ ಹೀಗೆ ನಡೆದರೆ ಪ್ರತಿ ಕೊಳವೆ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕಾಂಪೌಂಡಿನ ಹೊರಗಿನಿಂದಲೂ ಒಮ್ಮೆ ಪೂರ್ತಿ ಸುತ್ತು ಹಾಕಿ.

ಮಳೆನೀರಿನ ಚರಂಡಿಗೆ ಹೆಚ್ಚು ಗಮನ ಕೊಡಿ. ಅದರಲ್ಲಿ ಹರಿಯಬೇಕಾದದ್ದು ಮಳೆಯ ನೀರು ಮಾತ್ರ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರಲ್ಲಿ ಹರಿವಿದ್ದರೆ, ಗೋಡೆಯ ಮೇಲೆ ಬಣ್ಣದ ಗೆರೆಯಿದ್ದರೆ, ಅಂಚಿನ ಹುಲ್ಲು ಒಂದೇ ಸಾಲಿನಲ್ಲಿ ಸುಟ್ಟಂತಿದ್ದರೆ ಅಲ್ಲಿ ನಿಲ್ಲಬೇಕು. ಕೊಂಕಣದ ಭಾರೀ ಮಳೆಯಲ್ಲಿ, ಅಂದರೆ ಮಹಾಡ, ಲೋಟೆ, ತಾರಾಪುರ, ಗೋವಾದ ಕೈಗಾರಿಕಾ ವಸಾಹತುಗಳಲ್ಲಿ, ಜುಲೈ ತಿಂಗಳ ರಾತ್ರಿ ಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕುರುಹಿಲ್ಲದೆ ಹೋಗಿರುತ್ತದೆ. ತರಬೇತಿಯಲ್ಲಿ ಒಂದಾದರೂ ಮಳೆಗಾಲದ ರಾತ್ರಿಯ ಭೇಟಿ ಇರಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಘಟಕದ ಆಪರೇಟರ್ ಜೊತೆ ಮಾತನಾಡುವುದನ್ನು ಕಲಿಸಿ. ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದ ಎಷ್ಟೋ ಜನ ಪುಣೆ ಮತ್ತು ಮುಂಬೈನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ; ಅಂಥವರು ಎದುರಾದರೆ ಕನ್ನಡದಲ್ಲೇ "ಅಣ್ಣಾ, ಈ ಪಂಪು ದಿನಾ ಎಷ್ಟು ತಾಸು ನಡೀತದ?" ಎಂದು ಕೇಳಿದಾಗ ಸಿಗುವ ಉತ್ತರ ವ್ಯವಸ್ಥಾಪಕರ ಪ್ರಸ್ತುತಿಯಲ್ಲಿ ಸಿಗುವುದಿಲ್ಲ. ಹಾಗೆ ತಿಳಿದದ್ದನ್ನು ಆತನ ಹೆಸರು ಹಾಕಿ ವರದಿಯಲ್ಲಿ ಬರೆಯಬೇಡಿ. ಆತನ ಕೆಲಸ ಹೋಗುತ್ತದೆ. ಅದನ್ನು ಸುಳಿವಾಗಿ ಬಳಸಿ, ಪಂಪಿನ ಗಂಟೆ ಮೀಟರಿನಿಂದ ಅಥವಾ ವಿದ್ಯುತ್ ಬಿಲ್ಲಿನಿಂದ ಸಾಬೀತು ಮಾಡಿ.

ಅಪಾಯಕಾರಿ ತ್ಯಾಜ್ಯದ ಶೆಡ್ಡಿನಲ್ಲಿ ಡ್ರಮ್ಮಿನ ಮೇಲಿನ ಚೀಟಿಯ ದಿನಾಂಕ ನೋಡಿ: ನಿಯಮದ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಸಾಗಣೆಯ ದಾಖಲೆಯಾದ ಫಾರಂ 10ರ ಪ್ರತಿಗಳನ್ನು ತಳೋಜಾ ಅಥವಾ ರಾಂಜಣಗಾಂವದ ವಿಲೇವಾರಿ ಕೇಂದ್ರದಿಂದ ಮರಳಿದ ಪ್ರತಿಗಳೊಂದಿಗೆ ತಾಳೆ ಹಾಕಿ. ಹೊರಟ ತೂಕ ಮತ್ತು ತಲುಪಿದ ತೂಕ ಹೊಂದಬೇಕು. ಮೆಟಾಬೈಸಲ್ಫೈಟಿನ ಲೆಕ್ಕ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ: ಸಂಸ್ಕರಣೆ ನಡೆದಿದ್ದರೆ ಕೆಸರು ಬಂದಿರಲೇಬೇಕು. ಕೆಸರೇ ಇಲ್ಲದ ಲೋಹಲೇಪನ ಘಟಕವನ್ನು ಮೆಚ್ಚಿಕೊಳ್ಳಬೇಡಿ.

ಸುರಕ್ಷತೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ತೊಟ್ಟಿ, ಮ್ಯಾನ್‌ಹೋಲ್, ಪಂಪಿನ ಗುಂಡಿ ಯಾವುದಕ್ಕೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ, ಹಾಗಾಗಿ ವಾಸನೆ ಹೋಯಿತೆಂದರೆ ಅಪಾಯ ಕಳೆಯಿತೆಂದಲ್ಲ. ಡೊಂಬಿವಲಿಯಲ್ಲಿ 2016ರ ಮೇ ತಿಂಗಳಲ್ಲಿ ಮತ್ತು 2024ರ ಮೇ ತಿಂಗಳಲ್ಲಿ ನಡೆದ ಕಾರ್ಖಾನೆ ಸ್ಫೋಟಗಳನ್ನು ನೆನಪಿಸಿ, ರಿಯಾಕ್ಟರುಗಳ ಬಳಿ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಇಲ್ಲದೆ ಹೋಗದಿರಲು ತಿಳಿಸಿ. ಕಾರ್ಮಿಕರ ಸುರಕ್ಷತೆಯ ಲೋಪ ಕಂಡರೆ ಅದು ಮಂಡಳಿಯ ವ್ಯಾಪ್ತಿಯಲ್ಲ, ಆದರೆ ಸುಮ್ಮನಿರಬಾರದು: ಮಹಾರಾಷ್ಟ್ರದಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ, ಗೋವಾದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಅದೇ ದಿನ ಪತ್ರ ಹೋಗಬೇಕು.

ಹಂತ 6: ಮಾದರಿ ತೆಗೆಯುವುದು

ಒಳ್ಳೆಯ ತಪಾಸಣೆಗಳು ನ್ಯಾಯಾಲಯದಲ್ಲಿ ಬಿದ್ದುಹೋಗುವ ಜಾಗ ಇದು. ಮಹಾರಾಷ್ಟ್ರದಲ್ಲಿ ಜೆವಿಎಸ್ ಎಂದು ಕರೆಯುವ ಜಂಟಿ ಮಾದರಿ ನಿಗಾ ಮತ್ತು ಪರಿಶೀಲನೆಗೆ ಉಪಯುಕ್ತ. ಆದರೆ ಕಾನೂನು ಕ್ರಮಕ್ಕೆ ಸಾಕ್ಷ್ಯವಾಗಬೇಕಾದ ಮಾದರಿ ಕಲಂ 21ರ ವಿಧಾನವನ್ನು ಅಕ್ಷರಶಃ ಪಾಲಿಸಿರಬೇಕು, ಇಲ್ಲವಾದರೆ ಅದರ ಫಲಿತಾಂಶ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ವಿಧಾನ ಹೀಗಿದೆ: ವಿಶ್ಲೇಷಣೆಗೆ ಕಳಿಸುವ ಉದ್ದೇಶವನ್ನು ತಿಳಿಸುವ ನೋಟಿಸನ್ನು ಸ್ಥಳದಲ್ಲೇ ಉದ್ಯಮದ ಜವಾಬ್ದಾರ ವ್ಯಕ್ತಿಗೆ ಕೊಡಬೇಕು, ಅವರ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಬೇಕು, ಎರಡನ್ನೂ ಗುರುತು ಹಾಕಿ, ಮೊಹರು ಮಾಡಿ, ಎರಡೂ ಕಡೆಯವರು ಸಹಿ ಮಾಡಬೇಕು, ಒಂದು ಮಂಡಳಿಯ ಅಥವಾ ಮಂಡಳಿ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ತಡವಿಲ್ಲದೆ ಹೋಗಬೇಕು, ಉದ್ಯಮದವರು ಕೋರಿದರೆ ಇನ್ನೊಂದು ಕಾಯ್ದೆಯಡಿ ಗೊತ್ತುಮಾಡಿದ ಪ್ರಯೋಗಾಲಯಕ್ಕೆ ಹೋಗಬೇಕು. ಅವರು ಬೇಕೆಂದೇ ಗೈರಾದರೆ ಅಧಿಕಾರಿಯು ಮೊಹರು ಮಾಡಿ ತಾನೇ ಸಹಿ ಹಾಕಿ, ಆ ಗೈರುಹಾಜರಿಯನ್ನು ವಿಶ್ಲೇಷಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಬಾಟಲಿಯ ತಪ್ಪುಗಳೂ ಅಷ್ಟೇ ಮಾರಕ. ಪಿಎಚ್ ಮತ್ತು ಉಷ್ಣತೆಯನ್ನು ಸ್ಥಳದಲ್ಲೇ ಅಳೆಯಬೇಕು. ಬಿಒಡಿಯ ಮಾದರಿ ಐಸಿನಲ್ಲಿ ತಂಪಾಗಿ, ಆಮ್ಲ ಬೆರೆಸದೆ ಹೋಗಬೇಕು. ಸಿಒಡಿಗೆ ಸಲ್ಫ್ಯೂರಿಕ್ ಆಮ್ಲ, ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಹೆಕ್ಸಾವೇಲೆಂಟ್ ಕ್ರೋಮಿಯಂ ಮಾದರಿಗೆ ಮಾತ್ರ ಆಮ್ಲ ಹಾಕಬಾರದು, ಹಾಕಿದರೆ ಅದು ಬಾಟಲಿಯಲ್ಲೇ ರೂಪ ಬದಲಿಸುತ್ತದೆ. ಎಣ್ಣೆ ಮತ್ತು ಜಿಡ್ಡಿಗೆ ಅಗಲ ಬಾಯಿಯ ಗಾಜಿನ ಬಾಟಲಿ ಬೇಕು, ಅದನ್ನು ಮಾದರಿ ನೀರಿನಿಂದ ಮೊದಲು ಗಲಬರಿಸಬಾರದು, ಏಕೆಂದರೆ ಜಿಡ್ಡು ಗಾಜಿಗೆ ಅಂಟಿಕೊಂಡು ಫಲಿತಾಂಶ ಹೆಚ್ಚಿ ಬರುತ್ತದೆ. ತರಬೇತಿ ಪಡೆಯುವವರು ತಾವು ತೆಗೆದ ಮಾದರಿಯೊಂದಿಗೆ ಪ್ರಯೋಗಾಲಯದವರೆಗೆ ಹೋಗಿ, ಮೊಹರು ಒಡೆಯುವುದನ್ನು ನೋಡಿ, ಅಲ್ಲಿನ ವಿಜ್ಞಾನಿಗಳ ದೂರುಗಳನ್ನು ಕೇಳಲಿ. ಆ ಒಂದು ಮಧ್ಯಾಹ್ನ ಹಲವು ಉಪನ್ಯಾಸಗಳಿಗಿಂತ ಹೆಚ್ಚು ಕಲಿಸುತ್ತದೆ.

ಹಂತ 7: ವರದಿ ಮತ್ತು ನೋಟಿಸ್

ವರದಿಯನ್ನು 48 ಗಂಟೆಯೊಳಗೆ ಮುಗಿಸುವ ಅಭ್ಯಾಸವಾಗಬೇಕು. ಕಂಡದ್ದು, ಅಳೆದದ್ದು, ಕೇಳಿದ್ದು ಮತ್ತು ಊಹಿಸಿದ್ದು ಈ ನಾಲ್ಕನ್ನು ಬೇರೆ ಬೇರೆ ಪ್ಯಾರಾಗಳಲ್ಲಿ ಬರೆಸಿ. "ಇಟಿಪಿ ಸಮರ್ಪಕವಾಗಿಲ್ಲ" ಎಂಬುದು ವರದಿಯಲ್ಲ, "ಬೆಳಿಗ್ಗೆ 11.20ಕ್ಕೆ ಎರಡು ಬ್ಲೋವರುಗಳ ಪೈಕಿ ಒಂದೂ ನಡೆಯುತ್ತಿರಲಿಲ್ಲ, ತೊಟ್ಟಿಯ ನೀರು ಕಪ್ಪಾಗಿತ್ತು, 30 ನಿಮಿಷದ ಬಳಿಕವೂ ಕೆಸರು ತಳಕ್ಕಿಳಿಯಲಿಲ್ಲ, ಚಿತ್ರ ಲಗತ್ತಿಸಿದೆ" ಎಂಬುದು ವರದಿ. ಸರಿಯಾಗಿರುವುದನ್ನೂ ದಾಖಲಿಸಬೇಕು. ಅದು ನ್ಯಾಯದ ಮಾತೂ ಹೌದು, ಮುಂದೆ ಪಾಟೀಸವಾಲಿನಲ್ಲಿ ಅಧಿಕಾರಿಯ ನಂಬಿಕೆಯನ್ನು ಉಳಿಸುವುದೂ ಅದೇ.

ಕ್ರಮದ ಮೆಟ್ಟಿಲುಗಳನ್ನು ಹಾರಬಾರದು. ಉದ್ದೇಶಿತ ನಿರ್ದೇಶನವನ್ನು ತಿಳಿಸಿ, ಆಕ್ಷೇಪಣೆಗೆ ಅವಕಾಶ ಕೊಟ್ಟು, ಆ ಆಕ್ಷೇಪಣೆಗೆ ಕಾರಣಸಹಿತ ಉತ್ತರ ಬರೆದು, ಆನಂತರವೇ ಅಂತಿಮ ನಿರ್ದೇಶನ. ಪರಿಸರಕ್ಕೆ ತಕ್ಷಣದ ಗಂಭೀರ ಹಾನಿಯ ಸಂದರ್ಭದಲ್ಲಿ ಮಾತ್ರ ಈ ಅವಕಾಶವಿಲ್ಲದೆ ಮುಂದುವರಿಯಬಹುದು, ಆಗಲೂ ಕಾರಣವನ್ನು ಕಡತದಲ್ಲಿ ಬರೆದಿರಬೇಕು. ಕಾರಣ ಬರೆಯದೆ ಹೊರಡಿಸಿದ ಮುಚ್ಚುವಿಕೆಯ ಆದೇಶಕ್ಕೆ ಮೊದಲ ವಿಚಾರಣೆಯಲ್ಲೇ ತಡೆಯಾಜ್ಞೆ ಸಿಗುತ್ತದೆ, ಕಾರ್ಖಾನೆ ಮಾರನೆಯ ದಿನವೇ ಹಳೆಯ ರೀತಿಯಲ್ಲೇ ನಡೆಯುತ್ತದೆ.

ಹಂತ 8: ಷರತ್ತುಗಳಿಗೆ ಪರೀಕ್ಷೆ

ಮೂರನೇ ಹಂತದಲ್ಲಿ ಜೋಪಾನವಾಗಿಟ್ಟ ಹಾಳೆಗಳನ್ನು ಈಗ ತೆಗೆಯಿರಿ. ಪ್ರತಿ ಜೋಡಿಗೂ ಇನ್ನೊಂದು ಜೋಡಿ ಬರೆದ ಹತ್ತು ಷರತ್ತುಗಳನ್ನು ಕೊಟ್ಟು, ಅದೇ ಕಾರ್ಖಾನೆಗೆ ಕಳಿಸಿ, ಪ್ರತಿಯೊಂದನ್ನೂ ಸ್ಥಳದಲ್ಲಿ ಪರೀಕ್ಷಿಸಿ ಬರಲು ಹೇಳಿ. ಸಂಜೆ ಎರಡೂ ಜೋಡಿಗಳನ್ನು ಎದುರುಬದುರು ಕೂರಿಸಿ. ಯಾವ ಷರತ್ತನ್ನು ಅಳೆಯಲಾಗಲಿಲ್ಲ, ಯಾವುದರ ಎರಡು ಅರ್ಥವಾಯಿತು, ಯಾವುದಕ್ಕೆ ಸಾಕ್ಷ್ಯ ಸಿಕ್ಕಿತು ಎಂಬುದು ಬರೆದವರ ಮುಂದೆಯೇ ಬಯಲಾಗಲಿ. ಪರೀಕ್ಷಿಸಲಾಗದ ಷರತ್ತುಗಳನ್ನು ಅದೇ ರಾತ್ರಿ ಮತ್ತೆ ಬರೆಯಿಸಿ.

ಇದಾದ ಮೇಲೂ ಒಬ್ಬರೇ ಸಹಿ ಮಾಡುವ ಅಧಿಕಾರವನ್ನು ಕೂಡಲೇ ಕೊಡಬೇಡಿ. ಆರು ತಿಂಗಳ ಕಾಲ ಅನುಭವಿ ಅಧಿಕಾರಿಯೊಬ್ಬರ ಜೊತೆ ಹೋಗಲಿ, ಅದರಲ್ಲಿ ಕನಿಷ್ಠ ಒಂದು ಮಳೆಗಾಲ ಸೇರಿರಲಿ. ಹೊಸ ಅಧಿಕಾರಿ ಮೊದಲು ಬರೆದ ವರದಿಗೆ ಹಿರಿಯರು ಅಂಚಿನಲ್ಲಿ ಟಿಪ್ಪಣಿ ಹಾಕಲಿ, ಹಿರಿಯರೇ ಮತ್ತೆ ಬರೆದುಕೊಡುವುದು ಬೇಡ. ತಾವು ಷರತ್ತು ಬರೆದ ಒಂದು ಕಾರ್ಖಾನೆಯ ಮುಂದಿನ ತಪಾಸಣೆಗೆ ಅವರನ್ನೇ ಕಳಿಸುವ ವ್ಯವಸ್ಥೆಯನ್ನು ಪ್ರಾದೇಶಿಕ ಕಚೇರಿಯೊಂದಿಗೆ ಮೊದಲೇ ಮಾತನಾಡಿ ಮಾಡಿಕೊಳ್ಳಿ, ಮತ್ತು ಆ ವರದಿಯ ಒಂದು ಪ್ರತಿಯನ್ನು ಮುಂದಿನ ತಂಡದ ಪಾಠಕ್ಕಾಗಿ ತರಿಸಿಕೊಳ್ಳಿ.